ಮಳೆಗಾಲದಲ್ಲಿ ಹಳೆಯ ಲಾರಿ ಸ್ಟಾರ್ಟ್ ಆಗದಿದ್ದರೆ

ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಮುರಕಲ್ಲು ಹೊರುವ ಹಳೆಯ ಡೀಸೆಲ್ ಲಾರಿಗಳು ನನ್ನ ಬಳಿಗೆ ಹೆಚ್ಚಾಗಿ ಬರುವುದು ಮಳೆ ಹಿಡಿದ ಮೇಲೆ. ಅಷ್ಟರಲ್ಲಿ ಮಾಲೀಕರು ಹೊಸ ಬ್ಯಾಟರಿಗೆ ದುಡ್ಡು ಸುರಿದಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗೇರ್ ನ್ಯೂಟ್ರಲ್‌ಗೆ ತಂದು, ಚಕ್ರಕ್ಕೆ ಕಲ್ಲು ಕೊಟ್ಟು, ಕೀ ತಿರುಗಿಸಿ ಕಿವಿಗೊಡಿ.

ಬರೀ ‘ಟಕ್’ ಎಂದು ಹೆಡ್‌ಲೈಟ್ ಮಂಕಾದರೆ ಬ್ಯಾಟರಿಗೆ ವೋಲ್ಟ್‌ಮೀಟರ್ ಇಡಿ. 12 ವೋಲ್ಟಿನ ಬ್ಯಾಟರಿ ತುಂಬಿದ್ದರೆ ಸುಮಾರು 12.6 ತೋರಿಸುತ್ತದೆ, ಸ್ಟಾರ್ಟರ್‌ಗೆ ಕರೆಂಟ್ ಹೋಗುವಾಗ 9.6ಕ್ಕಿಂತ ಕೆಳಗಿಳಿದರೆ ಅದು ಸೋತಿದೆ. ಇಳಿಯದಿದ್ದರೆ ಟರ್ಮಿನಲ್‌ಗಳನ್ನೂ ಚಾಸಿಗೆ (ಲಾರಿಯ ಕಬ್ಬಿಣದ ಚೌಕಟ್ಟಿಗೆ) ಬಿಗಿದ ಅರ್ಥ್ ತಂತಿಯನ್ನೂ ಬಿಚ್ಚಿ ಉಜ್ಜಿ. ನಮ್ಮ ಕರಾವಳಿಯ ತೇವಕ್ಕೆ ಮೊದಲು ತುಕ್ಕು ಹಿಡಿಯುವುದೇ ಅಲ್ಲಿ.

ಇಂಜಿನ್ ಜೋರಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಹೊಗೆಕೊಳವೆ ನೋಡಿ. ಹೊಗೆಯೇ ಇಲ್ಲವೆಂದರೆ ಡೀಸೆಲ್ ತಲುಪುತ್ತಿಲ್ಲ. ಇಂಜಿನ್ ನಿಲ್ಲಿಸುವ ಕೇಬಲ್ ಎಳೆದಲ್ಲೇ ಸಿಕ್ಕಿಕೊಂಡಿದೆಯೇ ಎಂದು ಮೊದಲು ನೋಡಿ. ಎಷ್ಟೋ ಲಾರಿಗಳ ರೋಗ ಇಷ್ಟೇ. ಬಳಿಕ ಫಿಲ್ಟರಿನ ತಳದ ಡೀಸೆಲನ್ನು ಗಾಜಿನ ಬಾಟಲಿಗೆ ಇಳಿಸಿ. ನೀರಿದ್ದರೆ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ನೀರು ತೆಗೆದ ಮೇಲೆ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪ್ ಒತ್ತಿ, ಬಿಗಿಯಿರಿ.

ಬಿಳಿ ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ. ಕಂಪ್ರೆಶನ್ (ಸಿಲಿಂಡರಿನೊಳಗೆ ಗಾಳಿ ಒತ್ತಲ್ಪಡುವ ಬಲ) ಅಥವಾ ಟೈಮಿಂಗ್ (ಡೀಸೆಲ್ ಚಿಮ್ಮುವ ಹೊತ್ತು) ಪರೀಕ್ಷಿಸಬೇಕು, ಅದು ವರ್ಕ್‌ಶಾಪಿನ ಕೆಲಸ. ಗಾಳಿಯ ದಾರಿಗೆ ಪೆಟ್ರೋಲ್ ಮಾತ್ರ ಎಂದಿಗೂ ಸುರಿಯಬೇಡಿ, ಪಿಸ್ಟನ್ ಒಡೆಯಬಹುದು.