ಯುದ್ಧವಿರೋಧಿ ಮೆರವಣಿಗೆಯ ಪೊಲೀಸ್ ಕಡತ ತೆಗೆಸುವುದು ಹೇಗೆ: ಅಮೆರಿಕದಲ್ಲಿ ಅರ್ಜಿ ಹಾಕುವವರಿಗೆ

2002ರ ನವೆಂಬರ್ 29ರಂದು ಪಿಟ್ಸ್‌ಬರ್ಗ್‌ನ ಮಾರ್ಕೆಟ್ ಸ್ಕ್ವೇರ್‌ನಲ್ಲಿ ಇರಾಕ್ ಯುದ್ಧ ಬೇಡವೆಂದು ಕರಪತ್ರ ಹಂಚುತ್ತಿದ್ದವರ ಫೋಟೊವನ್ನು ಎಫ್‌ಬಿಐ ಏಜೆಂಟ್ ಒಬ್ಬರು ತೆಗೆದರು. ಮೇರಿಲ್ಯಾಂಡ್ ರಾಜ್ಯ ಪೊಲೀಸರು 2005–06ರಲ್ಲಿ ಯುದ್ಧವಿರೋಧಿ ಗುಂಪುಗಳ ಸಭೆಗಳಿಗೆ ಮಫ್ತಿಯಲ್ಲಿ ಹೋಗಿ ಕೂತರು. ಕೊನೆಗೆ 53 ಜನರ ಹೆಸರು ಭಯೋತ್ಪಾದಕರ ಪಟ್ಟಿ ಸೇರಿತ್ತು. ಈ ಎರಡೂ ಹೊರಬಂದದ್ದು ದಾಖಲೆ ಕೇಳಿ ಹಾಕಿದ ಅರ್ಜಿಗಳಿಂದ. ಅರ್ಜಿ ಸರಿಯಾಗಿ ಬರೆದರೆ ಕಡತ ಬರುತ್ತದೆ, ಅಡ್ಡಾದಿಡ್ಡಿ ಬರೆದರೆ ‘ದಾಖಲೆ ಇಲ್ಲ’ ಎಂಬ ಒಂದು ಸಾಲಿನ ಉತ್ತರವೇ ಗತಿ.

ಮೊದಲ ತಪ್ಪು ನಡೆಯುವುದು ಕಚೇರಿಯ ಆಯ್ಕೆಯಲ್ಲಿ. ಒಂದೇ ಮೆರವಣಿಗೆಯ ಮೇಲೆ ನಗರ ಪೊಲೀಸ್, ರಾಜ್ಯ ಪೊಲೀಸ್, ಎಫ್‌ಬಿಐ ಮೂವರೂ ಬೇರೆ ಬೇರೆ ಕಡತ ತೆರೆದಿರಬಹುದು. ಒಬ್ಬರಿಗೆ ಹಾಕಿದ ಅರ್ಜಿ ಇನ್ನೊಬ್ಬರ ಬೀರು ತೆರೆಸುವುದಿಲ್ಲ. ಪೆಂಟಗನ್, ಅಂದರೆ ರಕ್ಷಣಾ ಇಲಾಖೆ ಕೂಡ ಟ್ಯಾಲನ್ ಎಂಬ ದತ್ತಾಂಶ ಸಂಗ್ರಹದಲ್ಲಿ ಯುದ್ಧವಿರೋಧಿ ಸಭೆಗಳನ್ನು ದಾಖಲಿಸಿ, 2007ರಲ್ಲಿ ಅದನ್ನು ಮುಚ್ಚಿತು. ಆ ಕಾಲದ ದಾಖಲೆ ಬೇಕಿದ್ದರೆ ರಕ್ಷಣಾ ಇಲಾಖೆಗೆ ನಾಲ್ಕನೇ ಅರ್ಜಿ ಹಾಕಿ.

ಎಫ್‌ಬಿಐಗೆ ಬರೆಯುವಾಗ 1966ರ ಫ್ರೀಡಂ ಆಫ್ ಇನ್ಫರ್ಮೇಷನ್ ಆಕ್ಟ್ (ಫೋಯಾ), 1974ರ ಪ್ರೈವಸಿ ಆಕ್ಟ್ ಎರಡನ್ನೂ ಹೆಸರಿಸಿ. ಅಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಪ್ರೈವಸಿ ಆಕ್ಟ್ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಎಚ್‌-1ಬಿ ವೀಸಾದವರು ಫೋಯಾ ಒಂದನ್ನೇ ಬಳಸಬೇಕು. ಅದಕ್ಕೆ ಪೌರತ್ವದ ಷರತ್ತಿಲ್ಲ. ನಮ್ಮ ಆರ್‌ಟಿಐ ರೂಢಿಯವರು ಇನ್ನೂ ಎರಡು ವ್ಯತ್ಯಾಸ ಗಮನಿಸಲಿ. ಇಲ್ಲಿ 10 ರೂಪಾಯಿಯಂಥ ಅರ್ಜಿ ಶುಲ್ಕವಿಲ್ಲ, ವಾಣಿಜ್ಯ ಉದ್ದೇಶವಿಲ್ಲದವರಿಗೆ ಮೊದಲ ಎರಡು ಗಂಟೆಯ ಹುಡುಕಾಟ, 100 ಪುಟ ಉಚಿತ. ಆದರೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿ ದಂಡವೂ ಇಲ್ಲ. ಕಾನೂನು ಹೇಳುವ 20 ಕೆಲಸದ ದಿನ ಮೀರುವುದೇ ಹೆಚ್ಚು.

ಹಾಗಾಗಿ ಅರ್ಜಿ ಚಿಕ್ಕದಿರಲಿ. ಎಫ್‌ಬಿಐ ಪುಟಗಳ ಲೆಕ್ಕದಲ್ಲಿ ಅರ್ಜಿಗಳನ್ನು ಸಾಲು ಮಾಡುತ್ತದೆ. 50 ಪುಟದೊಳಗಿನದು ಬೇಗ ಸರಿಯುವ ಸಾಲು. ‘ನನ್ನ ಮೇಲಿರುವ ಎಲ್ಲವೂ’ ಎಂದು ಕೇಳಿದರೆ ವರ್ಷಗಟ್ಟಲೆ ಕಾಯಬೇಕಾದೀತು. ಸಂಘಟನೆಯ ಪೂರ್ಣ ಹೆಸರು, ಅದರ ಹಳೆಯ ಹೆಸರು, ಮೆರವಣಿಗೆಯ ದಿನಾಂಕ, ಹೊರಟ ಮತ್ತು ಮುಗಿದ ಜಾಗ, ಆ ಊರಿನ ಎಫ್‌ಬಿಐ ಫೀಲ್ಡ್ ಆಫೀಸಿನ ಹೆಸರು ಬರೆಯಿರಿ. ಮುಖ್ಯ ಕಡತ ಮಾತ್ರವಲ್ಲ, ಬೇರೆಯವರ ಕಡತದೊಳಗೆ ಹೆಸರು ಬಂದಿರುವ ‘ಕ್ರಾಸ್ ರೆಫರೆನ್ಸ್’ಗಳನ್ನೂ ಹುಡುಕಬೇಕೆಂದು ಬಿಡಿಸಿ ಹೇಳಿ. ಮೆರವಣಿಗೆಯಲ್ಲಿ ನಡೆದುಹೋದ ಸಾಮಾನ್ಯ ಮನುಷ್ಯನ ಹೆಸರು ಸಿಗುವುದು ಬಹುಪಾಲು ಅಲ್ಲೇ, ಆತನ ಹೆಸರಲ್ಲಿ ಪ್ರತ್ಯೇಕ ಕಡತವೇ ಇರುವುದಿಲ್ಲ.

ನಿಮ್ಮದೇ ಕಡತ ಕೇಳುವಾಗ ಗುರುತಿನ ಪ್ರಮಾಣಪತ್ರ, ಅಂದರೆ ನ್ಯಾಯ ಇಲಾಖೆಯ ಡಿಒಜೆ-361 ನಮೂನೆ ಜೊತೆಗಿರಬೇಕು. ಸುಳ್ಳು ಹೇಳಿದರೆ ಶಿಕ್ಷೆಗೆ ಒಳಗಾಗುವೆನೆಂದು ಒಪ್ಪಿ ಸಹಿ ಹಾಕಿದರೆ ಸಾಕು, ನೋಟರಿ ಬೇಡ. ಬದುಕಿರುವ ಇನ್ನೊಬ್ಬರ ಕಡತಕ್ಕೆ ಅವರ ಲಿಖಿತ ಒಪ್ಪಿಗೆ ಬೇಕು. ತೀರಿಕೊಂಡವರದಾದರೆ ಮರಣದ ಪುರಾವೆ, ಪತ್ರಿಕೆಯ ನಿಧನ ವಾರ್ತೆಯೂ ನಡೆಯುತ್ತದೆ. ಆ ದಿನ ಜೊತೆಗಿದ್ದ ಗೆಳೆಯರ ಹೆಸರನ್ನು ಅರ್ಜಿಯಲ್ಲಿ ಬರೆಯಲೇಬೇಡಿ. ಪೊಲೀಸರಿಗೆ ಗೊತ್ತಿಲ್ಲದ ಹೆಸರನ್ನು ನೀವೇ ಕೈಯಾರೆ ಕೊಟ್ಟಂತಾಗುತ್ತದೆ. ಬಂಧನದ ಮೊಕದ್ದಮೆ ಇನ್ನೂ ನಡೆಯುತ್ತಿದ್ದರೆ ವಕೀಲರನ್ನು ಕೇಳದೆ ಅರ್ಜಿ ಹಾಕಬೇಡಿ.

ಪುಟಗಳು ಬಂದಾಗ ಮಸಿ ಬಳಿದ ಜಾಗ ನೋಡಿ ಎದೆಗುಂದಬೇಡಿ, ಮಸಿಯೂ ಮಾತಾಡುತ್ತದೆ. ಪಕ್ಕದಲ್ಲಿರುವ ಸಂಕೇತ ಓದಿ, ಫೋಯಾದ ಯಾವ ವಿನಾಯಿತಿಯಡಿ ಅಳಿಸಿದ್ದಾರೆಂದು ಅದು ಹೇಳುತ್ತದೆ. ಬಿ6, ಬಿ7ಸಿ ಇದ್ದರೆ ಅಳಿಸಿರುವುದು ವ್ಯಕ್ತಿಯ ಹೆಸರು. ಬಿ7ಎ ಅಂದರೆ ತನಿಖೆ ಮುಗಿದಿಲ್ಲ ಎಂಬ ನೆಪ ಅಥವಾ ನಿಜ. ಆರು ತಿಂಗಳು ಬಿಟ್ಟು ಮತ್ತೆ ಕೇಳಿ. ಬಿ7ಇ ಪೊಲೀಸರ ತಂತ್ರಕ್ಕೆ, ಬಿ1 ರಹಸ್ಯವೆಂದು ವರ್ಗೀಕರಿಸಿದ್ದಕ್ಕೆ. ಎಲ್ಲಕ್ಕಿಂತ ಮುಖ್ಯ ಬಿ7ಡಿ: ಆ ಮಾಹಿತಿ ಗೋಪ್ಯ ಮೂಲದಿಂದ ಬಂದಿದೆ ಎಂದರ್ಥ. ಆದರೆ ಗುಂಪಿನೊಳಗೆ ಬಾತ್ಮೀದಾರ ಇದ್ದನೆಂದು ಕೂಡಲೇ ತೀರ್ಮಾನಿಸಬಾರದು. ಮಾಹಿತಿ ಕೊಟ್ಟ ಸ್ಥಳೀಯ ಪೊಲೀಸ್ ಇಲಾಖೆಗೂ ಅದೇ ಸಂಕೇತ ಬೀಳುತ್ತದೆ. ಗೆಳೆಯರ ಮೇಲೆ ಅನುಮಾನ ಹುಟ್ಟಿ ಗುಂಪು ಒಡೆಯುವುದು ಈ ತಪ್ಪು ಓದಿನಿಂದಲೇ.

ವಿಯೆಟ್ನಾಂ ಕಾಲದ ಕಡತಗಳಲ್ಲಿ ಸಂಖ್ಯೆಯ ಮೊದಲ ಭಾಗ ನೋಡಿ: 25 ಎಂದರೆ ಸೈನ್ಯಕ್ಕೆ ಕಡ್ಡಾಯ ಭರ್ತಿಯ ಕಾನೂನು, 100 ಆಂತರಿಕ ಭದ್ರತೆ, 176 ದಂಗೆ ವಿರೋಧಿ ಕಾನೂನು. ಇವುಗಳಲ್ಲಿ ಹಲವು ಈಗ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ಅರ್ಜಿ ಅಲ್ಲಿಗೆ ಹೋಗಬೇಕು.

ಎಫ್‌ಬಿಐ ‘ದಾಖಲೆ ಇಲ್ಲ’ ಎಂದರೆ 90 ದಿನದೊಳಗೆ ನ್ಯಾಯ ಇಲಾಖೆಗೆ ಮೇಲ್ಮನವಿ ಹಾಕಿ, ಶುಲ್ಕವಿಲ್ಲ. ‘ಹುಡುಕಾಟ ಸಾಲದು’ ಎಂಬುದೇ ವಾದವಾಗಿರಲಿ. ಆ ದಿನದ ಪತ್ರಿಕಾ ವರದಿ, ಪೊಲೀಸರು ಕ್ಯಾಮೆರಾ ಹಿಡಿದಿರುವ ಫೋಟೊ ಲಗತ್ತಿಸಿ.

ನ್ಯೂಯಾರ್ಕ್ ನಗರದ ದಾರಿಯೇ ಬೇರೆ. 1971ರಲ್ಲಿ ಹೂಡಿದ ಹ್ಯಾಂಡ್‌ಶು ಮೊಕದ್ದಮೆಯಿಂದ ಅಲ್ಲಿನ ಪೊಲೀಸರ ರಾಜಕೀಯ ಬೇಹುಗಾರಿಕೆಗೆ 1985ರಲ್ಲಿ ಕಟ್ಟುಪಾಡು ಬಂತು. 2003ರಲ್ಲಿ ಅದನ್ನು ಸಡಿಲಿಸಿದ ಹೊತ್ತಿನಲ್ಲೇ, ಬಂಧಿಸಿದ ಯುದ್ಧವಿರೋಧಿಗಳ ರಾಜಕೀಯ ನಿಲುವು ಕೇಳಿ ಪೊಲೀಸರು ಒಂದು ನಮೂನೆ ತುಂಬುತ್ತಿದ್ದುದು ಬಯಲಾಯಿತು. ಇಲ್ಲಿ ಅರ್ಜಿ ಹಾಕಬೇಕಾದ್ದು ಫಾಯಿಲ್, ಅಂದರೆ ರಾಜ್ಯದ ಫ್ರೀಡಂ ಆಫ್ ಇನ್ಫರ್ಮೇಷನ್ ಲಾ ಅಡಿ. 5 ಕೆಲಸದ ದಿನದಲ್ಲಿ ಹಿಂಬರಹ ಬರಬೇಕು, ನಿರಾಕರಿಸಿದರೆ 30 ದಿನದೊಳಗೆ ಮೇಲ್ಮನವಿ, ಆಮೇಲೆ 4 ತಿಂಗಳೊಳಗೆ ಕೋರ್ಟು. ದಾಖಲೆ ಇದೆಯೆಂದೂ ಇಲ್ಲವೆಂದೂ ಹೇಳದ ಉತ್ತರಕ್ಕೆ ರಾಜ್ಯದ ಉನ್ನತ ನ್ಯಾಯಾಲಯ 2018ರಲ್ಲಿ ಒಪ್ಪಿಗೆ ಕೊಟ್ಟಿದೆ. ಆದ್ದರಿಂದ ವ್ಯಕ್ತಿಯ ಹೆಸರಿನ ಬದಲು ಘಟನೆಯನ್ನು ಕೇಳಿ: ಇಂಥ ದಿನ, ಇಂಥ ಬೀದಿಯಲ್ಲಿ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ನಗರ ಪೊಲೀಸರ ತಾಂತ್ರಿಕ ನೆರವಿನ ‘ಟಾರು’ ಘಟಕ ತೆಗೆದ ವಿಡಿಯೊ.

ವಿಡಿಯೊ ಅಳಿಸಿಹೋಗಬಹುದು. ಮೆರವಣಿಗೆ ಮುಗಿದ ವಾರದೊಳಗೆ, ಅರ್ಜಿಯ ಜೊತೆಯಲ್ಲೇ, ‘ಈ ದೃಶ್ಯಗಳನ್ನು ಅಳಿಸಬಾರದು’ ಎಂಬ ಪ್ರತ್ಯೇಕ ಪತ್ರವನ್ನೂ ಕಳಿಸಿ, ರಸೀದಿ ಇಟ್ಟುಕೊಳ್ಳಿ.