3 ಎಕರೆ 20 ಗುಂಟೆ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಹೊಲಗಳಿಗೆ ನುಗ್ಗಿದಾಗ ನಾನು ಹೊಳೆದಂಡೆಯ ಊರೊಂದರ ಗ್ರಾಮ ಲೆಕ್ಕಿಗನಾಗಿದ್ದೆ. ಜನ ಕರೆಯುವುದು ತಲಾಟಿ ಎಂದೇ. ನೀರು ಇಳಿದ ಮೇಲೆ ಬರೆದ ಮೊದಲ ಬೆಳೆಹಾನಿ ವರದಿ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಶುರು ಮಾಡಿ, 'ಅಪಾರ ಪ್ರಮಾಣದ ಬೆಳೆ ನಾಶವಾಗಿರುವುದು ಕಂಡುಬಂದಿರುತ್ತದೆ' ಎಂದು ಎಳೆದು, 'ಮುಂದಿನ ಸೂಕ್ತ ಕ್ರಮಕ್ಕಾಗಿ ಸಾದರ ಸಲ್ಲಿಸಿದೆ' ಎಂದು ಕೈ ತೊಳೆದುಕೊಂಡಿದ್ದೆ. ಎರಡು ಪುಟ! ತಹಶೀಲ್ದಾರರು ಅಂಚಿನಲ್ಲಿ ಒಂದೇ ಸಾಲಿನ ಷರಾ ಬರೆದು ಹಿಂದಕ್ಕೆ ಕಳಿಸಿದರು: 'ಅಪಾರ ಎಂದರೆ ಎಷ್ಟು ಗುಂಟೆ?'

ಪರಿಹಾರ ಸಿಗಬೇಕಾದರೆ ಕನಿಷ್ಠ ಶೇ 33ರಷ್ಟು ಬೆಳೆ ಹಾಳಾಗಿರಬೇಕು. ನನ್ನ ವರದಿ ಓದಿದವರಿಗೆ ಕೊಡಬೇಕೋ ಬೇಡವೋ ಎಂಬುದೇ ತಿಳಿಯುತ್ತಿರಲಿಲ್ಲ.

ಮರುದಿನ ಪಹಣಿ ಹಿಡಿದು ಕೃಷಿ ಸಹಾಯಕರೊಂದಿಗೆ ಮತ್ತೆ ಕೆಸರು ತುಳಿದೆ. ಒಂದೊಂದು ಸರ್ವೆ ನಂಬರಿಗೂ ಹಾಳೆಯಲ್ಲಿ ಎರಡು ಕಾಲಂ ಹಾಕಿಕೊಂಡೆ: ಕಂಡದ್ದು, ಕೇಳಿದ್ದು. 'ಹೆಸರು ಕಟಾವಿಗೆ ಬಂದಿತ್ತು. ಕಾಯಿ ಕಪ್ಪಾಗಿ, ಕಾಳು ಒಳಗೇ ಮೊಳಕೆಯೊಡೆದಿದೆ.' ಇದು ಕಾಯಿ ಬಿಡಿಸಿ ನಾನೇ ಕಂಡದ್ದು. 'ಆರು ದಿನ ನೀರು ನಿಂತಿತ್ತು.' ಇದು ಖಾತೆದಾರರ ಹೇಳಿಕೆ, ಹಾಗೆಂದೇ ಬರೆದೆ. ಎರಡನ್ನೂ ಬೆರೆಸಿದ ವರದಿಯನ್ನು ತಕರಾರು ಬಂದಾಗ ಬರೆದವನೇ ಸಮರ್ಥಿಸಿಕೊಳ್ಳಲಾರ.

ಈ ಸಲ ವರದಿ ಹಿಂದೆ ಬರಲಿಲ್ಲ. ಆದರೆ ಹೊಸ ತಪ್ಪೊಂದು ಉಳಿದಿತ್ತು. ನಾವು ರೂಢಿಯಂತೆ '3.20' ಎಂದು ಬರೆಯುತ್ತೇವೆ, ಅಂದರೆ 3 ಎಕರೆ 20 ಗುಂಟೆ; ಎಕರೆಗೆ 40 ಗುಂಟೆಯಂತೆ ಮೂರೂವರೆ ಎಕರೆ. ಕಂಪ್ಯೂಟರಿಗೆ ಏರಿಸಿದವರು ಅದನ್ನು ದಶಾಂಶವೆಂದು, ಅಂದರೆ 3 ಎಕರೆ 8 ಗುಂಟೆ ಎಂದು ಓದಿ ಹೆಕ್ಟೇರಿಗೆ ತಿರುಗಿಸಿದ್ದರು. ಪಟ್ಟಿ ನೋಡಿದ ಮುದುಕರೊಬ್ಬರು ಬಂದು ಕೇಳಿದರು: 'ಸಾಹೇಬರೇ, ಬೆಳೆ ಹೋಯಿತು, ಸರಿ. ನನ್ನ ಹನ್ನೆರಡು ಗುಂಟೆ ನೆಲವನ್ನೂ ಹೊಳೆ ಒಯ್ಯಿತೇ?' ಅವರದು ಬಾಯಿಲೆಕ್ಕ, ನಮ್ಮದು ಕಂಪ್ಯೂಟರ್. ತಿದ್ದುಪಡಿಗೆ ಮತ್ತೊಂದು ವರದಿ ಬರೆದೆ. ಅಂದಿನಿಂದ ಚುಕ್ಕಿ ಬಿಟ್ಟೆ. '3 ಎಕರೆ 20 ಗುಂಟೆ, ಅಂದರೆ 1.42 ಹೆಕ್ಟೇರ್' ಎಂದು ಬಿಡಿಸಿಯೇ ಬರೆಯುತ್ತೇನೆ.

ಈಗ ನನ್ನ ವರದಿಯ ಮೊದಲ ಸಾಲಿನಲ್ಲೇ ಒಟ್ಟು ವಿಸ್ತೀರ್ಣ, ಬೆಳೆ, ಹಾನಿಯ ಪ್ರಮಾಣ ಇರುತ್ತದೆ. ಉಲ್ಲೇಖ, ಪತ್ರ ಸಂಖ್ಯೆ ಎಲ್ಲ ಕೆಳಗೆ. ತಾಲ್ಲೂಕು ಕಚೇರಿಯ ವಿಷಯ ನಿರ್ವಾಹಕರಿಗೆ ಇದು ಹಿಡಿಸಲಿಲ್ಲ. 'ಒಕ್ಕಣೆಯೇ ಇಲ್ಲವಲ್ಲ ಸ್ವಾಮಿ' ಎಂದು ಮುಖ ಸಿಂಡರಿಸಿದರು. ಅವರ ಸಮಾಧಾನಕ್ಕೆ ಕೊನೆಯಲ್ಲಿ 'ಸಾದರ ಸಲ್ಲಿಸಿದೆ' ಎಂಬುದನ್ನು ಉಳಿಸಿಕೊಂಡಿದ್ದೇನೆ.