ಸೀಸ ಬಿಟ್ಟು ತಾಮ್ರಕ್ಕೆ: ಬೇಟೆಯ ತೋಟೆ ಮನೆಯಲ್ಲೇ ತುಂಬುವವರಿಗೆ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬೆಳೆ ಕಾಯೋದಕ್ಕೆ ಅಂತ ಲೈಸೆನ್ಸ್ ತೆಗೆದ ಒಂದು ಕೇಪಿನ ಕೋವಿ ಇತ್ತು. ಅಡಿಕೆ ತೋಟಕ್ಕೆ ಮಂಗ ನುಗ್ಗಿದರೆ ಅಪ್ಪ ನಳಿಗೆಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ಸರಳಿನಲ್ಲಿ ಜಡಿದು, ಆಕಾಶಕ್ಕೆ ಒಂದು ಈಡು ಹಾರಿಸುತ್ತಿದ್ದರು. ಎಷ್ಟು ಮದ್ದು ಅಂತ ಕೇಳಿದರೆ ಅಂಗೈ ತೋರಿಸುತ್ತಿದ್ದರು. ಈಗ ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ, ತೋಟೆ ತುಂಬುವುದು (ಹಿತ್ತಾಳೆಯ ಕೇಸಿಗೆ ಕಿಡಿ ಹೊತ್ತಿಸುವ ಪ್ರೈಮರ್, ಮದ್ದು, ಗುಂಡು ಕೂರಿಸುವುದು) ಗ್ಯಾರೇಜಿನ ಮೇಜಿನ ಮೇಲೆ. ಇಲ್ಲಿ ಆ ಅಂಗೈ ಲೆಕ್ಕ ನಡೆಯುವುದಿಲ್ಲ. ತಾಮ್ರದ ಗುಂಡಾದರಂತೂ ಸೀಸದ ಗುಂಡಿಗೆ ಬರೆದಿಟ್ಟ ಲೆಕ್ಕವೂ ನಡೆಯುವುದಿಲ್ಲ.

ಇಲ್ಲಿ 2019ರ ಜುಲೈ 1ರಿಂದ ಯಾವ ಪ್ರಾಣಿಯ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ಕಾರಣ ಒಂದು ರಣಹದ್ದು, ಕ್ಯಾಲಿಫೋರ್ನಿಯಾ ಕಾಂಡೋರ್. 1982ರಲ್ಲಿ ಅವು ಬರೀ 22 ಉಳಿದಿದ್ದವು. ಬೇಟೆಗಾರರು ಜಿಂಕೆ ಸೀಳಿ ಕರುಳು-ಪಚ್ಚಿ ಅಲ್ಲೇ ಬಿಟ್ಟು ಬರುತ್ತಾರೆ, ಅದರಲ್ಲಿ ಸೀಸದ ಚೂರು ಇರುತ್ತದೆ, ಹದ್ದು ತಿಂದು ಸಾಯುತ್ತದೆ. ನಮ್ಮ ರಾಮನಗರದ ರಣಹದ್ದಿನ ಕತೆ ಗೊತ್ತಿದ್ದವರಿಗೆ ಇದು ಹೊಸದೇನಲ್ಲ ಅಲ್ವಾ? ಅಲ್ಲಿ ದನಕ್ಕೆ ಕೊಟ್ಟ ನೋವುನಿವಾರಕ ಡೈಕ್ಲೋಫೆನಾಕ್, ಇಲ್ಲಿ ಸೀಸ. ಹೆಣ ತಿನ್ನುವ ಹಕ್ಕಿ ಎರಡೂ ಕಡೆ ಒಂದೇ ಥರ ಸತ್ತಿತು.

ಊರಿನಲ್ಲಿ ಓದುತ್ತಿರುವವರಿಗೆ ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡುಪ್ರಾಣಿ ಬೇಟೆ ಅಪರಾಧ, ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸುವುದೂ ಅಪರಾಧ. ಇದು ಇಲ್ಲಿ ಬೇಟೆಯ ಪರವಾನಗಿ ತೆಗೆದು ಜಿಂಕೆಗೋ ಕಾಡುಹಂದಿಗೋ ಹೋಗುವವರಿಗೆ, ಅದರಲ್ಲೂ ತೋಟೆ ತುಂಬಿ ಅಭ್ಯಾಸ ಇರುವವರಿಗೆ ಬರೆದದ್ದು.

ಮೊದಲು ತೂಕ ಇಳಿಸಿ

ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ತಾಮ್ರದ್ದು 8.96. ಅಂದರೆ ಅದೇ ತೂಕದ ತಾಮ್ರದ ಗುಂಡು ಉದ್ದ ಜಾಸ್ತಿ. ಉದ್ದದ ಗುಂಡು ನೆಟ್ಟಗೆ ಹಾರಬೇಕಾದರೆ ನಳಿಗೆ ಅದನ್ನು ಜಾಸ್ತಿ ತಿರುಗಿಸಬೇಕು. ಅದಕ್ಕೇ .308 ರೈಫಲ್ಲಿನಲ್ಲಿ 150 ಗ್ರೇನ್ (ಒಂದು ಗ್ರೇನ್ ಅಂದರೆ ಸುಮಾರು 0.065 ಗ್ರಾಂ) ಸೀಸ ಹೊಡೆಯುತ್ತಿದ್ದವರು 130 ಗ್ರೇನ್ ತಾಮ್ರಕ್ಕೆ ಇಳಿಯುತ್ತಾರೆ. ಹಗುರ ಆಯಿತಲ್ಲ, ಜಿಂಕೆಗೆ ಸಾಲುತ್ತಾ ಅಂತ ಹೆದರಬೇಡಿ. ಸೀಸದ ಗುಂಡು ಒಳಗೆ ಹೋಗುತ್ತಾ ಪುಡಿಯಾಗಿ ತೂಕ ಕಳೆದುಕೊಳ್ಳುತ್ತದೆ, ತಾಮ್ರದ್ದು ಹೆಚ್ಚುಕಮ್ಮಿ ಪೂರ್ತಿ ಉಳಿಯುತ್ತದೆ.

ನಿಮ್ಮ ನಳಿಗೆಯ ಟ್ವಿಸ್ಟ್ (ಒಳಗಿನ ಸುರುಳಿ ಗೀರುಗಳು ಎಷ್ಟು ಇಂಚಿಗೆ ಒಂದು ಸುತ್ತು ಬರುತ್ತವೆ ಅನ್ನುವುದು) ಎಷ್ಟು ಅಂತ ಗೊತ್ತಿಲ್ಲದಿದ್ದರೆ ಖಾಲಿ ಕೋವಿಯಲ್ಲಿ ನೋಡಬಹುದು. ಹಿಡಿಯಲ್ಲಿ ತಾನೇ ತಿರುಗುವ ಕ್ಲೀನಿಂಗ್ ರಾಡಿಗೆ ಬಿಗಿಯಾದ ಬಟ್ಟೆ ಸುತ್ತಿ, ಒಂದು ಗುರುತು ಹಾಕಿ ಒಳಗೆ ತಳ್ಳಿ. ಗುರುತು ಒಂದು ಸುತ್ತು ಬರುವಷ್ಟರಲ್ಲಿ ರಾಡು ಎಷ್ಟು ಇಂಚು ಒಳಗೆ ಹೋಯಿತೋ ಅದೇ ಟ್ವಿಸ್ಟ್. ಗುಂಡಿಗೆ ಎಷ್ಟು ಬೇಕು ಅಂತ ಕಂಪನಿಯವರು ಹೇಳಿರುತ್ತಾರೆ, ಎರಡನ್ನೂ ಹೋಲಿಸಿ.

ನಳಿಗೆ ತೊಳೆಯಿರಿ, ನಿಜವಾಗಿ ತೊಳೆಯಿರಿ

ಈ ಕೆಲಸವನ್ನು ಎಲ್ಲರೂ ಹಾರಿಸುತ್ತಾರೆ. ನಾನೂ ಹಾರಿಸಿದ್ದೆ. ಮೊದಲ ಸಲ ನಳಿಗೆ ತೊಳೆಯದೆ, ಗುಂಡನ್ನು ಹಳೇ ಸೀಸದ ಗುಂಡಿನ ಹಾಗೆ ಗೀರುಗಳ ಹತ್ತಿರಕ್ಕೇ ಬರುವಂತೆ ಕೂರಿಸಿ ರೇಂಜಿಗೆ ಹೋದೆ. 100 ಗಜದಲ್ಲಿ ಮೂರು ಗುಂಡು ಅಂಗೈ ಅಗಲ ಹರಡಿದವು. ಸೀಸದ ಗುಂಡುಗಳ ಹೊರಕವಚದ ತಾಮ್ರವೂ ನಳಿಗೆಯಲ್ಲಿ ಮೆತ್ತಿಕೊಂಡಿರುತ್ತದೆ, ಅದರ ಮೇಲೆ ಹೊಸ ಗುಂಡು ಸರಿಯಾಗಿ ಓಡುವುದಿಲ್ಲ. ತಾಮ್ರ ಕರಗಿಸುವ ಸಾಲ್ವೆಂಟ್ ಹಾಕಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಬಟ್ಟೆ ತುಂಡು ತೂರಿಸಿದರೆ ಅದು ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿ ಹೊರಬರುತ್ತದೆ. ಆ ನೀಲಿ ಕಾಣದಷ್ಟು ಸಲ ತೊಳೆಯಬೇಕು. ನನ್ನ ಹಳೇ ರೈಫಲ್ಲಿಗೆ ಎರಡು ಸಂಜೆ ಹಿಡಿಯಿತು. ರಾಡಿನ ತುದಿಯಲ್ಲಿ ಬಟ್ಟೆ ಹಿಡಿಯುವ ಜ್ಯಾಗ್ ಹಿತ್ತಾಳೆಯದಾದರೆ ಜ್ಯಾಗೇ ಕರಗಿ ನೀಲಿ ಬಿಡುತ್ತದೆ, ಸುಮ್ನೆ ದಿನವಿಡೀ ಉಜ್ಜುತ್ತಾ ಕೂರುತ್ತೀರಿ.

ಮದ್ದಿನ ಲೆಕ್ಕ

ಇಲ್ಲಿ ಅಂದಾಜು ಬೇಡವೇ ಬೇಡ. ಉದ್ದದ ಗುಂಡು ಕೇಸಿನೊಳಗೆ ಜಾಗ ಜಾಸ್ತಿ ತಿನ್ನುತ್ತದೆ, ಗಟ್ಟಿ ತಾಮ್ರ ನಳಿಗೆಯಲ್ಲಿ ಸೀಸದಷ್ಟು ಸುಲಭವಾಗಿ ಅಮುಕಿಕೊಳ್ಳುವುದಿಲ್ಲ, ಹಾಗಾಗಿ ಒತ್ತಡ ಬೇಗ ಏರಬಹುದು. ಸೀಸದ ಗುಂಡಿನ ಲೆಕ್ಕವನ್ನು ಅದೇ ತೂಕದ ತಾಮ್ರಕ್ಕೆ ಹಾಕಲೇಬೇಡಿ. ಆ ಗುಂಡಿಗೆ, ಆ ಮದ್ದಿಗೆ ಅಂತಲೇ ಕಂಪನಿ ಪ್ರಕಟಿಸಿದ ಪಟ್ಟಿ ತೆಗೆದು, ಅದರ ಕೆಳಗಿನ ಅಂಕಿಯಿಂದ ಶುರು ಮಾಡಿ, ಮೇಲಿನ ಅಂಕಿ ದಾಟಬೇಡಿ. ಬೋಲ್ಟ್ ಎತ್ತಲು ಬಿಗಿಯಾದರೆ, ಪ್ರೈಮರ್ ಚಪ್ಪಟೆಯಾದರೆ ಒತ್ತಡ ಮೀರುತ್ತಿದೆ ಅಂತ ಅರ್ಥ, ಅಲ್ಲಿಗೇ ನಿಲ್ಲಿಸಿ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಲಿ.

ಗುಂಡಿಗೆ ಓಡಲು ಜಾಗ ಕೊಡಿ

ಗುರಿಯ ಗುಟ್ಟು ಇರುವುದು ಇಲ್ಲೇ. ಸೀಸದ ಗುಂಡನ್ನು ನಳಿಗೆಯ ಗೀರುಗಳಿಗೆ ತಾಗುವಷ್ಟು ಹತ್ತಿರ ಕೂರಿಸುವುದು ಹಲವರ ಅಭ್ಯಾಸ. ತಾಮ್ರಕ್ಕೆ ಆ ಹತ್ತಿರ ಆಗಿಬರುವುದಿಲ್ಲ. ಬಾರ್ನ್ಸ್ ಕಂಪನಿಯವರೇ ಗೀರಿನಿಂದ 0.050 ಇಂಚು ಹಿಂದೆ ಶುರು ಮಾಡಿ ಅನ್ನುತ್ತಾರೆ. ಈ ಗುಂಡುಗಳನ್ನು ಮೊದಲು ಜನಪ್ರಿಯ ಮಾಡಿದವರು ಅವರೇ. ಆಗ ಕಂಪನಿಯ ಮಾಲೀಕರಾಗಿದ್ದ ರ‍್ಯಾಂಡಿ ಬ್ರೂಕ್ಸ್‌ಗೆ 1985ರಲ್ಲಿ ಅಲಾಸ್ಕಾದ ಕರಡಿ ಬೇಟೆಯಲ್ಲಿ ಸೀಸ ತೆಗೆದುಬಿಟ್ಟರೆ ಹೇಗೆ ಅನ್ನುವ ಯೋಚನೆ ಬಂತು, 1989ರಲ್ಲಿ ಎಕ್ಸ್ ಬುಲೆಟ್ ಮಾರುಕಟ್ಟೆಗೆ ಬಂತು. ಅದು ನಳಿಗೆಗೆ ತುಂಬಾ ಮೆತ್ತಿಕೊಳ್ಳುತ್ತಿತ್ತು, 2003ರ ಟಿಎಸ್‌ಎಕ್ಸ್‌ನಲ್ಲಿ ಗುಂಡಿನ ಸುತ್ತ ಉಂಗುರದ ಹಾಗೆ ತೋಡು ಕೊರೆದ ಮೇಲೆ ಎಷ್ಟೋ ಕಡಿಮೆಯಾಯಿತು.

ಮದ್ದು ಒಂದೇ ಇಟ್ಟುಕೊಂಡು ಆಳ ಮಾತ್ರ ಬದಲಿಸಿ. 0.050 ಇಂಚಿಗೆ ಮೂರು ತೋಟೆ, 0.080ಕ್ಕೆ ಮೂರು, 0.110ಕ್ಕೆ ಮೂರು. ಪ್ರತಿ ತೋಟೆಯೂ ಮ್ಯಾಗಜೀನಿನಲ್ಲಿ ಹಿಡಿಯಬೇಕು, ಕೇಸಿನ ಬಾಯಿ ಗುಂಡನ್ನು ಭದ್ರವಾಗಿ ಕಚ್ಚಿರಬೇಕು. ಆಳಕ್ಕೆ ಕೂರಿಸಿದಷ್ಟೂ ಒಳಗಿನ ಜಾಗ ಕಡಿಮೆ, ಅದಕ್ಕೇ ಈ ಪರೀಕ್ಷೆ ಕೆಳಗಿನ ಅಂಕಿಯ ಮದ್ದಿನಲ್ಲೇ ಆಗಲಿ. ನನ್ನ ರೈಫಲ್ಲಿಗೆ 0.080 ಹಿಡಿಸಿತು. ಅಂಗೈ ಅಗಲದ ಗುಂಪು ಹಳೇ ಒಂದು ರೂಪಾಯಿ ನಾಣ್ಯದಷ್ಟಕ್ಕೆ ಬಂತು. ನಿಮ್ಮದು ಬೇರೆ ಹೇಳಬಹುದು.

ಜಿಂಕೆಯ ಮುಂದೆ

ತಾಮ್ರದ ಗುಂಡಿಗೆ ವೇಗ ಇದ್ದರೆ ಮಾತ್ರ ಮೂತಿ ಅರಳುತ್ತದೆ. ಎಷ್ಟು ವೇಗ ಅನ್ನುವುದು ಗುಂಡಿನ ಮೇಲೆ ಹೋಗುತ್ತದೆ, ಸಾಮಾನ್ಯವಾಗಿ ಸೆಕೆಂಡಿಗೆ 1800ರಿಂದ 2000 ಅಡಿ. ಅದಕ್ಕಿಂತ ನಿಧಾನವಾದರೆ ಪೆನ್ಸಿಲ್ ಚುಚ್ಚಿದ ಹಾಗೆ ತೂತು ಮಾಡಿ ಆಚೆ ಹೋಗುತ್ತದೆ, ಜಿಂಕೆ ಓಡಿಹೋಗಿ ಎಲ್ಲೋ ನರಳಿ ಸಾಯುತ್ತದೆ. ಕ್ರೋನೋಗ್ರಾಫ್ ಇಟ್ಟು ನಿಮ್ಮ ವೇಗ ಅಳೆಯಿರಿ, ಎಷ್ಟು ಗಜಕ್ಕೆ ಅದು 2000ಕ್ಕೆ ಇಳಿಯುತ್ತದೆ ಅಂತ ಲೆಕ್ಕ ಹಾಕಿ, ಅದಕ್ಕಿಂತ ಸಾಕಷ್ಟು ಈಚೆಗೇ ನಿಮ್ಮ ಗೆರೆ ಎಳೆಯಿರಿ. ನನ್ನದು 300 ಗಜ, ಅದರಾಚೆ ಎಂಥ ಕೊಂಬಿನ ಗಂಡು ನಿಂತರೂ ಕೋವಿ ಎತ್ತುವುದಿಲ್ಲ.

ಸೀಸದಲ್ಲಿ ಹೆಗಲ ಹಿಂದೆ ಹೊಡೆದು ಅಭ್ಯಾಸವಾದವರು ತಾಮ್ರದಲ್ಲಿ ಸ್ವಲ್ಪ ಮುಂದೆ, ಹೆಗಲ ಮೂಳೆಗೇ ಹಿಡಿಯಿರಿ. ಮೂಳೆ ಮುರಿದರೂ ಗುಂಡು ನಿಲ್ಲುವುದಿಲ್ಲ, ಪ್ರಾಣಿ ಅಲ್ಲೇ ಕುಸಿಯುತ್ತದೆ, ರಕ್ತ ಹೆಪ್ಪುಗಟ್ಟಿ ಹಾಳಾಗುವ ಮಾಂಸವೂ ಕಡಿಮೆ. ಸಾಮಾನ್ಯವಾಗಿ ಗುಂಡು ಆಚೆ ಹೋಗಿಬಿಡುವುದರಿಂದ ನೋಡಲು ಸಿಗುವುದೇ ಅಪರೂಪ. ಒಂದು ಸಲ ಹಂದಿಯ ಆಚೆ ಬದಿಯ ಚರ್ಮದ ಕೆಳಗೆ ಸಿಕ್ಕಿತು. ಸಿಂಕಿನಲ್ಲಿ ತೊಳೆದು ನೋಡಿದರೆ ನಾಲ್ಕು ಎಸಳು ಹಿಂದಕ್ಕೆ ಮಡಿಸಿಕೊಂಡು ನಿಂತಿವೆ, ಒಂದೂ ಮುರಿದಿಲ್ಲ. ಮದ್ದು ತೂಗುವ ತಕ್ಕಡಿಗೆ ಹಾಕಿದೆ, 130ರಲ್ಲಿ 128 ಗ್ರೇನ್ ಉಳಿದಿತ್ತು.

ಹೊರಡುವಾಗ ಗುಂಡಿನ ಖಾಲಿ ಡಬ್ಬಿ ಗಾಡಿಯಲ್ಲಿರಲಿ. ಮನೆಯಲ್ಲಿ ತುಂಬಿದ ತೋಟೆಯ ಮೇಲೆ ಏನೂ ಬರೆದಿರುವುದಿಲ್ಲ. ಬೇಟೆಯ ನಿಯಮ ನೋಡಿಕೊಳ್ಳುವ ವಾರ್ಡನ್ ಬಂದು ಇದು ಸೀಸವಾ ತಾಮ್ರವಾ ಅಂತ ಕೇಳಿದರೆ ಬಾಯಿಮಾತಿಗಿಂತ ಡಬ್ಬಿ ವಾಸಿ.